ಮುತ್ತುಗದ ಹಲಗೆ

ಪೀಣ್ಯದ ಕಾರ್ಖಾನೆಗಳ ಆಚೆ, ಕೆರೆಗೆ ಅಂಟಿಕೊಂಡಿದ್ದ ದೊಡ್ಡ ಪಾರ್ಕಿನಲ್ಲಿ ಮಕ್ಕಳಿಗೆ ಗಿಡಮರಗಳ ಪರಿಚಯ ಮಾಡಿಸುವ ಕೇಂದ್ರವೊಂದು ಶುರುವಾಗಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಅಲ್ಲಿ ನೀರು ಹಾಕುವವನು. ಮೂವತ್ತು ದಾಟಿದ ಮೇಲೆ ಸಂಜೆ ಶಾಲೆಗೆ ಹೋಗಿ ಓದು ಕಲಿತಿದ್ದೆ.

ನನ್ನ ದುಂಡು ಅಕ್ಷರ ನೋಡಿ ಕೇಂದ್ರದ ಸಾಹೇಬರು ಮರಗಳಿಗೆ ಹೆಸರಿನ ಹಲಗೆ ಬರೆಯಲು ಹೇಳಿದರು. ಸೋಮವಾರ ಶಾಲೆ ಮಕ್ಕಳು ಬರುತ್ತಾರೆ, ಹೆಸರೆಲ್ಲ ಸರಿಯಿದ್ದರೆ ಅವರನ್ನು ಸುತ್ತಾಡಿಸುವ ಕೆಲಸ ಇನ್ನು ನಿನ್ನದೇ ಎಂದರು. ಆಮೇಲೆ ನಾನು ನೀರು ಹಾಕುತ್ತಲೇ ಮರಗಳಿಗೆ ಪಾಠ ಹೇಳುತ್ತಿದ್ದೆ. ಅವು ಎಲೆ ಅಲ್ಲಾಡಿಸಿ ಕೇಳುತ್ತಿದ್ದವು.

ಶನಿವಾರ ಬೆಳಿಗ್ಗೆ ಕೆರೆಯ ಮಂಜು ಮರಗಳ ಸೊಂಟದವರೆಗೆ ನಿಂತಿತ್ತು. ಕಾರ್ಖಾನೆಯ ಸೈರನ್ ನೀರೊಳಗಿನಿಂದ ಕೇಳಿಬಂದಂತಿತ್ತು. ಆ ಮಂಜಿನಿಂದ ಪಕ್ಕದ ಹಳ್ಳಿಯ ಅಜ್ಜಿ ಬಂದರು. ಕಡ್ಡಿ ಚುಚ್ಚಿ ಊಟದೆಲೆ ಹಚ್ಚಲು ಮುತ್ತುಗದ ಎಲೆ ಆರಿಸುವವರು. ನಾನು ಹೊಸದಾಗಿ ಕಟ್ಟಿದ್ದ ಹಲಗೆಯಲ್ಲಿ ಏನು ಬರೆದಿದೆ ಎಂದು ಕೇಳಿದರು. ಮುತ್ತುಗ ಎಂದೆ.

"ಯಾವನ್ಲಾ ಅಂಗಂದವ್ನು?"

"ಪುಸ್ತಕ ನೋಡೇ ಬರ್ದಿದೀನಿ ಅಜ್ಜಿ. ಒಂದೇ ತೊಟ್ಟು, ಮೂರು ಎಲೆ."

"ಪುಸ್ತಕ ಯಾವತ್ತಾದ್ರೂ ಊಟಕ್ಕೆ ಕುಂತಿತ್ತಾ? ಮೈ ಸವರಿ ನೋಡು."

ಸವರಿದೆ. ಬೆರಳಿಗೆ ಮುಳ್ಳು ಚುಚ್ಚಿತು. ಮುತ್ತುಗಕ್ಕೆ ಮುಳ್ಳಿಲ್ಲ, ಅದು ಹಾಲವಾಣದ ಮರ. ಹೂವಿನ ಕಾಲ ಬಂದಿರಲಿಲ್ಲ, ಎರಡಕ್ಕೂ ಮೂರು ಮೂರೇ ಎಲೆ. ಆದರೂ ಹುಟ್ಟಿದಾಗಿನಿಂದ ಎಷ್ಟು ಮದುವೆಗಳಲ್ಲಿ ಮುತ್ತುಗದ ಎಲೆಯಲ್ಲಿ ಉಂಡಿದ್ದೆನೋ. ಅಚ್ಚಿನ ಅಕ್ಷರ ಸಿಕ್ಕಿದ ಖುಷಿಯಲ್ಲಿ ನನ್ನ ಕೈಗೆ ಗೊತ್ತಿದ್ದುದನ್ನು ನಾನು ಕೇಳಿಯೇ ಇರಲಿಲ್ಲ.

ಹಲಗೆ ಬಿಚ್ಚಿ ಸಾಹೇಬರ ಮೇಜಿನ ಮೇಲಿಟ್ಟು, ತಪ್ಪು ಬರೆದೆ, ಅಜ್ಜಿ ತಿದ್ದಿದರು ಎಂದು ಒಪ್ಪಿಕೊಂಡೆ. ಅವರು ಹಲಗೆಯನ್ನು ಬದಿಗೆ ಸರಿಸಿ ಕಡತ ಬಿಡಿಸಿಕೊಂಡರು. ಭಾನುವಾರವೆಲ್ಲ ನೀರಿನ ಕ್ಯಾನೇ ನನ್ನ ಹಣೆಬರಹ ಎಂದುಕೊಂಡು ಕಳೆದೆ.

ಸೋಮವಾರ ಮಕ್ಕಳು ಬಂದಾಗ ಸಾಹೇಬರು ನನ್ನ ಕಡೆ ಕೈ ತೋರಿಸಿ, ತಾವು ಹಿಂದೆ ನಿಂತರು. ಹಾಲವಾಣದ ಹತ್ತಿರ ಒಬ್ಬ ಹುಡುಗಿ ಕೇಳಿದಳು, "ಸಾರ್, ಇದಕ್ಕೆ ಹಲಗೆ ಇಲ್ವಾ?"

ನನ್ನನ್ನು ಸಾರ್ ಎಂದವರಲ್ಲಿ ಅವಳೇ ಮೊದಲು.

"ಆಮೇಲೆ ಹಾಕ್ತೀನಮ್ಮ. ಮೊದ್ಲು ಮೈ ಸವರಿ ನೋಡು, ಮೆಲ್ಲಗೆ."

ಪುಟ್ಟ ಪುಟ್ಟ ಕೈಗಳು ಮರವನ್ನು ಮುಟ್ಟಿದವು. ಹಿಂದೆ ತಿರುಗಿ ನೋಡಿದೆ. ಸಾಹೇಬರು ನನ್ನ ನೀರಿನ ಕ್ಯಾನನ್ನು ಪಾರ್ಕಿನ ಇನ್ನೊಬ್ಬ ಮಾಲಿಯ ಕೈಗೆ ಕೊಡುತ್ತಿದ್ದರು.