ಹೋದ ಎಲೆಯ ಲೆಕ್ಕ

ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಎನ್ನುವುದು ತಿರುಗಿ ನೋಡದೆಯೂ ಗೊತ್ತಾಗುತ್ತದೆ. ಹೋದ ಶನಿವಾರ ಸಂಜೆ ನನಗೆ ಹಾಗೆ ಗೊತ್ತಾಯಿತು. ಎದುರಿಗೆ ಹಸಿರು ಬಟ್ಟೆ ಹೊದಿಸಿದ ಮೇಜು. ಬಲಗೈಯಲ್ಲಿ ಎರಡು ಇಸ್ಪೀಟೆಲೆ. ಸೆರಗಿನ ಮರೆಯಲ್ಲಿ ಎಡಗೈಯ ಹೆಬ್ಬೆರಳು ಒಂದು ಗೆಣ್ಣಿನಿಂದ ಇನ್ನೊಂದು ಗೆಣ್ಣಿಗೆ ಸದ್ದಿಲ್ಲದೆ ಸರಿಯುತ್ತಿದೆ. ಹಿಂದೆ ನಿಂತವರು ನಂಜಪ್ಪನವರು. ನಾವು ಹೋಗಿದ್ದ ಕ್ಲಬ್ಬಿನ ಕಾರ್ಡ್ ರೂಮಿನ ಮೇಲ್ವಿಚಾರಕರು.

ಅವರು ನೋಡುತ್ತಿರುವುದು ನನ್ನ ಎಲೆಯನ್ನೋ, ಹೆಬ್ಬೆರಳನ್ನೋ?

(ಹೌದು, ಕಳೆದ ವಾರ ಈ ಪತ್ರಿಕೆಯ ಇದೇ ಜಾಗದಲ್ಲಿ ನುಗ್ಗೆಸೊಪ್ಪಿನ ಬಸ್ಸಾರಿನ ಬಗ್ಗೆ ಬರೆದವಳೇ ನಾನು. ಗಾಬರಿಯಾಗಬೇಡಿ. ಮೊದಲಿನಿಂದ ಹೇಳುತ್ತೇನೆ.)

ನಮ್ಮವರು ಸರ್ಕಾರದಲ್ಲಿ ಎಂಜಿನಿಯರು. ಊರಿನ ಒಂದು ದೊಡ್ಡ ಕ್ಲಬ್ಬಿಗೆ ಮೆಂಬರಾಗಬೇಕೆಂದು ಬಹಳ ದಿನಗಳಿಂದ ಕಾಯುತ್ತಿದ್ದರು. ಕ್ಲಬ್ಬಿನ ಹೆಸರು ಬೇಡ. ಪ್ರಮೋಶನ್ನುಗಳು ಆಫೀಸಿನಲ್ಲಿ ಆಗುವುದಿಲ್ಲ, ಟೆನಿಸ್ ಕೋರ್ಟಿನ ಪಕ್ಕದ ಬೆತ್ತದ ಕುರ್ಚಿಗಳಲ್ಲಿ ಆಗುತ್ತವೆ ಎಂದು ಯಾರೋ ಅವರ ತಲೆಗೆ ತುಂಬಿದ್ದರು. ಅರ್ಜಿ ಕಮಿಟಿಯ ಮುಂದಿತ್ತು. ಅಷ್ಟರಲ್ಲಿ ಆ ಶನಿವಾರದ ಕಾರ್ಯಕ್ರಮಕ್ಕೆ ದಂಪತಿಗಳಾಗಿ ಬನ್ನಿ ಎಂದು ಕರೆ ಬಂತು.

ಏನು ಕಾರ್ಯಕ್ರಮ? ಕ್ಯಾಸಿನೊ ಸಂಜೆ. ಕ್ಲಬ್ಬಿನ ಸೆಕ್ರೆಟರಿ ವಿಲಾಯತಿಯಿಂದ ಮೊನ್ನೆ ಮೊನ್ನೆ ಹಿಂತಿರುಗಿದವರು. ಅಲ್ಲಿ ಕಂಡದ್ದನ್ನೆಲ್ಲ ಮೈಸೂರಿನಲ್ಲಿ ಮಾಡಿ ನೋಡುವ ಹುಮ್ಮಸ್ಸು. ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಚಂದಾ ಎತ್ತುವ ನೆಪ ಬೇರೆ. ಟಿಕೆಟ್ಟಿನ ಜೊತೆ ಎಲ್ಲರಿಗೂ, ಹಣದ ಬದಲು ಪಣಕ್ಕಿಡಲು, ಒಂದೊಂದು ಹಿಡಿ ಬಣ್ಣದ ಬಿಲ್ಲೆ. ಸಂಜೆ ಮುಗಿಯುವ ಹೊತ್ತಿಗೆ ಯಾರ ಮುಂದೆ ಹೆಚ್ಚು ಬಿಲ್ಲೆ ಇರುತ್ತದೋ ಅವರಿಗೆ ಬಹುಮಾನ, ಒಂದು ಟ್ರಾನ್ಸಿಸ್ಟರ್ ರೇಡಿಯೋ.

ಅದನ್ನು ನೋಡಿದ ಕ್ಷಣವೇ ನನ್ನ ಕಥೆ ಮುಗಿದಿತ್ತು. ನಮ್ಮ ಮನೆಯಲ್ಲೂ ರೇಡಿಯೋ ಇದೆ. ಹಜಾರದಲ್ಲಿ, ಮಾವನವರ ಕುರ್ಚಿಯ ಪಕ್ಕ, ಕಸೂತಿ ಬಟ್ಟೆ ಹೊದ್ದುಕೊಂಡು ಕೂತಿದೆ. ಅದರ ಕಿವಿ ಹಿಂಡುವ ಅಧಿಕಾರ ಮಾವನವರದು ಮಾತ್ರ. ಇದೋ, ಕೈಯಲ್ಲಿ ಹಿಡಿಯುವಂಥದು. ಅಡುಗೆಮನೆಯ ಕಿಟಕಿಯ ಮೇಲೆ ಇಟ್ಟುಕೊಂಡು, ಹುಳಿ ಕುದಿಯುವಾಗ ನನಗೆ ಬೇಕಾದ ಹಾಡು ಕೇಳಬಹುದು. ಆಸೆಪಡುವುದು ತಪ್ಪೇ?

ನಮ್ಮವರು ಮಾತ್ರ ಟಾಂಗಾದಲ್ಲೇ ಎಚ್ಚರಿಕೆ ಕೊಟ್ಟಿದ್ದರು. ಹೆಚ್ಚು ಮಾತಾಡಬಾರದು, ಗಟ್ಟಿಯಾಗಿ ನಗಬಾರದು, ಸೆಕ್ರೆಟರಿಗೆ ಬೇಸರವಾಗುವಂಥದ್ದೇನೂ ಆಗಬಾರದು. ಪಾಪ, ಅವರಿಗೆ ನೆಗಡಿ ಬೇರೆ ಆಗಿತ್ತು.

ಆಟ ಇಪ್ಪತ್ತೊಂದು. ತಿಳಿಯದವರಿಗೆ ಹೇಳುತ್ತೇನೆ. ಕೈಯಲ್ಲಿರುವ ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರ ಹೋಗಬೇಕು, ದಾಟಬಾರದು. ದಾಟಿದರೆ ಮುಳುಗಿದಿರಿ. ರಾಜ, ರಾಣಿ, ಗುಲಾಮ, ಹತ್ತು, ಎಲ್ಲಕ್ಕೂ ಹತ್ತೇ ಬೆಲೆ. ನೀವು ಆಡುವುದು ಪಕ್ಕದವರ ವಿರುದ್ಧ ಅಲ್ಲ, ಎಲೆ ಹಾಕುವ ಬ್ಯಾಂಕರ್ ವಿರುದ್ಧ. ಆ ಸಂಜೆ ನಮ್ಮ ಮೇಜಿಗೆ ಸ್ವತಃ ಸೆಕ್ರೆಟರಿಯೇ ಬ್ಯಾಂಕರು.

ಎರಡು ಸುತ್ತು ಸುಮ್ಮನೆ ಆಡಿದೆ. ಮೂರನೆಯದರಲ್ಲಿ ಗಮನಕ್ಕೆ ಬಂತು. ಸೆಕ್ರೆಟರಿ ಎಲೆಗಳ ಕಟ್ಟು ಪೂರ್ತಿ ಖರ್ಚಾಗುವ ತನಕ ಮತ್ತೆ ಕಲಸುತ್ತಲೇ ಇಲ್ಲ! ಹೋದ ಎಲೆಗಳೆಲ್ಲ ಪಕ್ಕದಲ್ಲಿ ಬಿದ್ದಿವೆ. ಹಾಗಾದರೆ ಒಳಗೆ ಉಳಿದಿರುವುದು ಏನು?

ಎಡಗೈಯನ್ನು ಸೆರಗಿನ ಮರೆಗೆ ಎಳೆದುಕೊಂಡೆ. ಏಕೆಂದರೆ ಇದು ನನಗೆ ಬರುವ ವಿದ್ಯೆ. ಅಗ್ರಹಾರದ ತವರುಮನೆಯಲ್ಲಿ ಬೇಸಿಗೆ ಮಧ್ಯಾಹ್ನಗಳೆಂದರೆ ಸೋದರತ್ತೆ ಗುರಮ್ಮನ ಜೊತೆ ಇಸ್ಪೀಟು. ಹಪ್ಪಳ ಒಣಗುವವರೆಗೆ ಆಟ. ಸೋದರತ್ತೆ ಒಂದೇ ಪಾಠ ಹೇಳಿಕೊಟ್ಟಿದ್ದು. "ಕೈಲಿರೋದನ್ನ ಎಲ್ಲರೂ ನೋಡ್ತಾರೆ. ಹೋದ ಎಲೆ ನೋಡು ಕಣೇ, ಬರೋ ಎಲೆ ತಾನಾಗೇ ತಿಳಿಯುತ್ತೆ."

ಬೆಲೆ ಹತ್ತಿರುವ ಎಲೆಗಳು ಒಂದು ಕಟ್ಟಿನಲ್ಲಿ ಹದಿನಾರು. ನಮ್ಮ ಕೈಯಲ್ಲಿ ಹೆಬ್ಬೆರಳು ಬಿಟ್ಟು ನಾಲ್ಕು ಬೆರಳು. ಬೆರಳಿಗೆ ಮೂರು ಗೆಣ್ಣು, ಮೇಲೊಂದು ತುದಿ. ಲೆಕ್ಕ ಹಾಕಿ ನೋಡಿ. ದೇವರು ಅಂಗೈಯನ್ನು ಮಾಡಿದ್ದೇ ಈ ಆಟಕ್ಕೆ ಅನ್ನಿಸುವುದಿಲ್ಲವೇ? ಒಂದು ದೊಡ್ಡ ಎಲೆ ಹೋದರೆ ಹೆಬ್ಬೆರಳು ಒಂದು ಗೆಣ್ಣು ಮುಂದಕ್ಕೆ. ದೊಡ್ಡವು ಒಳಗೇ ಹೆಚ್ಚು ಉಳಿದಿದ್ದರೆ ಬ್ಯಾಂಕರ್ ಮುಳುಗುವ ಸಂಭವ ಹೆಚ್ಚು, ಬಿಲ್ಲೆ ಜಾಸ್ತಿ ಒಡ್ಡು. ಖಾಲಿಯಾಗಿದ್ದರೆ ಒಂದೇ ಒಂದು ಬಿಲ್ಲೆ ಇಟ್ಟು ಸುಮ್ಮನಿರು.

ನನ್ನ ಮುಂದಿನ ಬಿಲ್ಲೆಗಳು ಬೆಳೆಯತೊಡಗಿದವು. ಆಗಲೇ ನಂಜಪ್ಪನವರು ಬಂದು ಹಿಂದೆ ನಿಂತದ್ದು.

ಎತ್ತರದ ಆಳು. ಬಿಳಿ ಕೋಟಿನ ಮೇಲೆ ಕೆಂಪು ಪಟ್ಟಿ, ಕಾಲಿಗೆ ಸದ್ದೇ ಮಾಡದ ಕ್ಯಾನ್ವಾಸ್ ಬೂಟು. ಒಂದು ಲೋಟ ನಿಂಬೆಹಣ್ಣಿನ ಶರಬತ್ತು ತಂದು ನನ್ನ ಪಕ್ಕ ಇಟ್ಟರು. ನಾನು ಕೇಳಿರಲಿಲ್ಲ. ಬೇರೆ ಯಾರಿಗೂ ತಂದಿರಲಿಲ್ಲ. ಬಗ್ಗಿ ಮೆಲ್ಲಗೆ ಕೇಳಿದರು.

"ಕೈ ನೋಯ್ತಾ ಅದಾ, ಅಮ್ಮಾವ್ರೇ?"

ಹೆಬ್ಬೆರಳು ಕಿರುಬೆರಳಿನ ಬುಡದಲ್ಲಿತ್ತು. ತೆಗೆದರೆ ಲೆಕ್ಕ ಹೋಗುತ್ತದೆ, ಇಟ್ಟರೆ ಮಾನ ಹೋಗುತ್ತದೆ.

"ಇಲ್ಲ, ಪಂಚಾಕ್ಷರಿ ಹೇಳ್ಕೋತಾ ಇದೀನಿ" ಎಂದೆ.

(ಶಿವನೇ, ನಿನ್ನ ಹೆಸರನ್ನು ಎಂಥ ಕಡೆ ತಂದೆ! ಅಂದೇ ಕ್ಷಮೆ ಕೇಳಿಕೊಂಡಿದ್ದೇನೆ.) ನಂಜಪ್ಪನವರು ಥಟ್ಟನೆ ಕೈ ಮುಗಿದು, ಹೇಳ್ಕಳಿ ಹೇಳ್ಕಳಿ ಎಂದು ಎರಡು ಹೆಜ್ಜೆ ಹಿಂದೆ ಸರಿದರು. ಆದರೆ ಹೋಗಲಿಲ್ಲ. ಕಂಬದ ಪಕ್ಕ ನಿಂತು ನೋಡುತ್ತಲೇ ಇದ್ದರು.

ನಂಬಿಸಬೇಕಾದರೆ ಇನ್ನೇನಾದರೂ ಮಾಡಬೇಕಲ್ಲ? ಹೆಂಗಸರಿಗೆ ಎಂದಿಗೂ ಕೈಕೊಡದ ಒಂದು ಉಪಾಯ ಇದೆ. ಪೆದ್ದಿಯಾಗುವುದು. ಸೆಕ್ರೆಟರಿಯನ್ನು ಕೇಳಿದೆ, ರಾಣಿ ದೊಡ್ಡದೋ ಗುಲಾಮ ದೊಡ್ಡದೋ ಎಂದು. ಅವರ ಮುಖ ಅರಳಿತು. ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು, ಈ ಆಟದಲ್ಲಿ ಎರಡೂ ಒಂದೇ ಅಂತ. ಓಹೋ ಎಂದು ತಲೆಯಾಡಿಸಿದೆ. ಅಷ್ಟೇ ಅಲ್ಲ, ಮುಂದಿನ ಆಟದಲ್ಲಿ ಹತ್ತೊಂಬತ್ತು ಕೈಯಲ್ಲಿದ್ದಾಗಲೂ ಇನ್ನೊಂದು ಎಲೆ ಕೇಳಿ ಮುಳುಗಿದೆ. ಇಡೀ ಮೇಜು ಅಯ್ಯೋ ಎಂದಿತು. ಪಕ್ಕದ ಹೆಂಗಸು ನನ್ನ ಬೆನ್ನು ಸವರಿ ಸಮಾಧಾನ ಮಾಡಿದರು.

ನೋಡಿ, ಇದನ್ನು ನಾವು ಕ್ಲಬ್ಬಿನಲ್ಲಿ ಕಲಿಯುತ್ತೇವೆಯೇ? ಸಾರಿನ ರುಚಿ ಕೆಟ್ಟದ್ದು ಯಾವುದರಿಂದ ಎಂದು ಗೊತ್ತಿದ್ದೂ ಸೊಸೆ ಅತ್ತೆಯನ್ನು ಕೇಳುತ್ತಾಳೆ. ಫೈಲಿನಲ್ಲಿ ಸಾಹೇಬರು ಎಲ್ಲಿ ಎಡವಿದ್ದಾರೆ ಎಂದು ಗೊತ್ತಿದ್ದೂ ಗುಮಾಸ್ತ ತಲೆ ಕೆರೆದುಕೊಳ್ಳುತ್ತಾನೆ. ಗೊತ್ತಿರುವುದು ಗೊತ್ತಾಗಬಾರದು. ಅರ್ಧ ದೇಶ ಹೀಗೇ ನಡೆಯುತ್ತಿದೆ.

ಮೂಲೆಯಲ್ಲಿ ಗಂಟೆ ಬಾರಿಸಿದರು. ಕೊನೆಯ ಆಟ. ನನಗಿಂತ ಹೆಚ್ಚು ಬಿಲ್ಲೆ ಇದ್ದವರು ಒಬ್ಬರೇ, ಆಚೆ ಮೇಜಿನ ದಪ್ಪ ಕನ್ನಡಕದ ವಕೀಲರು. ಹೆಬ್ಬೆರಳು ನೋಡಿಕೊಂಡೆ. ಕಟ್ಟಿನಲ್ಲಿ ಉಳಿದಿದ್ದ ಎಲೆಗಳು ಕೆಲವೇ. ಅದರಲ್ಲಿ ಬಹುಪಾಲು ದೊಡ್ಡವೇ. ಟ್ರಾನ್ಸಿಸ್ಟರಿನ ಕಡೆ ಒಮ್ಮೆ ನೋಡಿದೆ. ನಂಜಪ್ಪನವರ ಕಡೆ ನೋಡಲಿಲ್ಲ. ನನ್ನ ಮುಂದಿದ್ದ ಬಿಲ್ಲೆಗಳನ್ನೆಲ್ಲ ಎರಡೂ ಕೈಯಿಂದ ತಳ್ಳಿದೆ.

ಎದುರಿಗೆ, ಸಂಜೆಯಿಂದಲೂ ಸೆಕ್ರೆಟರಿಯ ಕುರ್ಚಿಯ ಹಿಂದೆ ನಿಂತಿದ್ದ ನಮ್ಮವರ ಮುಖ ಬಿಳಿಚಿಕೊಂಡಿತು.

ನನಗೆ ಬಂದದ್ದು ಒಂಬತ್ತು, ಐದು. ಹದಿನಾಲ್ಕು! ದೊಡ್ಡ ಎಲೆಗಳನ್ನು ನಂಬಿ ಕೂತವಳ ಪಾಲಿಗೆ ಉಳಿದಿದ್ದ ಸಣ್ಣ ಎಲೆಗಳೇ ಬರಬೇಕೆ? ಸೆಕ್ರೆಟರಿಯ ಮುಂದೆ ಒಂದು ಎಲೆ ಕವುಚಿ, ಒಂದು ಎಲೆ ತೆರೆದು. ತೆರೆದದ್ದು ಆರು. ಅಕ್ಕಪಕ್ಕದವರೆಲ್ಲ ತೊಗೊಳ್ಳಿ ತೊಗೊಳ್ಳಿ ಎಂದರು. ಹದಿನಾಲ್ಕಕ್ಕೆ ಯಾರು ನಿಲ್ಲುತ್ತಾರೆ? ಆದರೆ ನನಗೆ ಗೊತ್ತಿತ್ತು, ಕಟ್ಟಿನ ಮೇಲಿರುವುದು ಯಾರಿಗೆ ಬಂದರೂ ಅವರು ಮುಳುಗುತ್ತಾರೆ. ನಮ್ಮವರು ಎರಡು ಸಲ ಕೆಮ್ಮಿದರು.

"ಸಾಕು" ಎಂದೆ.

ಸೆಕ್ರೆಟರಿ ನಕ್ಕು ಕವುಚಿದ ಎಲೆ ತಿರುಗಿಸಿದರು. ಆಟೀನ್ ರಾಣಿ. ಹದಿನಾರು. ಆಟದ ನಿಯಮದಂತೆ ಬ್ಯಾಂಕರ್ ಹದಿನಾರಕ್ಕೆ ನಿಲ್ಲುವಂತಿಲ್ಲ, ಎಲೆ ತೆಗೆಯಲೇಬೇಕು. ತೆಗೆದರು. ಕಳಾವರ್ ರಾಜ.

ನನ್ನ ಬಿಲ್ಲೆ ಎರಡರಷ್ಟಾಗಿ ವಕೀಲರನ್ನು ದಾಟಿದವು. ಮೇಜಿನ ಸುತ್ತ ಚಪ್ಪಾಳೆ. ನನ್ನ ಕಿವಿಗೆ ಅದು ದೂರದಲ್ಲೆಲ್ಲೋ ಮಳೆ ಬಿದ್ದಂತೆ ಕೇಳಿತು. ಅಷ್ಟರಲ್ಲಿ ನಂಜಪ್ಪನವರು ಸೆಕ್ರೆಟರಿಯ ಕಿವಿಯಲ್ಲಿ ಏನೋ ಹೇಳಿದರು. ಸೆಕ್ರೆಟರಿಯ ನಗು ಮಾಯವಾಯಿತು. ನಮ್ಮಿಬ್ಬರನ್ನೂ ಅವರ ಕೋಣೆಗೆ ಕರೆದರು.

ಮುಗಿಯಿತು ಅಂದುಕೊಂಡೆ. ಟ್ರಾನ್ಸಿಸ್ಟರೂ ಹೋಯಿತು, ಮೆಂಬರ್‌ಶಿಪ್ಪೂ ಹೋಯಿತು. ನಾಳೆ ನಮ್ಮವರ ಮುಖ ಹೇಗೆ ನೋಡುವುದು?

ಕೋಣೆಯ ಬಾಗಿಲು ಮುಚ್ಚಿತು. ಸೆಕ್ರೆಟರಿ ನನ್ನ ಕಡೆ ನೋಡಲೇ ಇಲ್ಲ. ನೇರವಾಗಿ ನಮ್ಮವರನ್ನು ಕೇಳಿದರು, ನಿಮ್ಮಂಥ ವಿದ್ಯಾವಂತರು ಹೀಗೆ ಮಾಡಬಹುದೇ ಅಂತ. ನಮ್ಮವರು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. ನಂಜಪ್ಪನವರು ವಿವರಿಸಿದರು.

"ನಾನು ಆಗ್ಲಿಂದ ನೋಡ್ತಾ ಇವ್ನಿ ಸ್ವಾಮಿ. ಇವ್ರು ನಿಮ್ ಕುರ್ಚಿ ಹಿಂದೆ ನಿಂತ್ಕಂಡು ಎಲೆ ನೋಡ್ಕತಾರೆ. ಒಂದ್ ಕೆಮ್ಮು ಕೆಮ್ಮುದ್ರೆ ಅಮ್ಮಾವ್ರು ಎಲೆ ತಕತಾರೆ, ಎರಡ್ ಕೆಮ್ಮುದ್ರೆ ಬುಡ್ತಾರೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ಸಿಕ್ಕಿಬಿದ್ದಿರಲೇ ಇಲ್ಲ! ಸಿಕ್ಕಿಬಿದ್ದವರು ನಮ್ಮವರು. ನನ್ನ ಹಿಂದೆ ನಿಂತಿದ್ದ ಆ ಕಣ್ಣುಗಳು ನೋಡುತ್ತಿದ್ದದ್ದು ಎದುರಿಗಿದ್ದ ನೆಗಡಿಯನ್ನು. ಪೆದ್ದಿ ಗೆಲ್ಲುತ್ತಿದ್ದಾಳೆ ಎಂದರೆ ಗಂಡ ಗೆಲ್ಲಿಸುತ್ತಿದ್ದಾನೆ. ಬೇರೆ ಹೇಗೆ ಸಾಧ್ಯ?

ಸುಮ್ಮನಿದ್ದಿದ್ದರೆ ನನ್ನ ಗುಟ್ಟು ಉಳಿಯುತ್ತಿತ್ತು. ಆದರೆ ಒಬ್ಬ ನಿರಪರಾಧಿ ಕರವಸ್ತ್ರ ಹಿಡಿದು ನಿಂತಿದ್ದಾರೆ, ಮೋಸಗಾರ ಎನ್ನಿಸಿಕೊಂಡು. ಜೊತೆಗೆ ನಿಜ ಹೇಳಬೇಕೆಂದರೆ, ಸಂಜೆಯೆಲ್ಲ ಇದ್ದ ಭಯ ಎಲ್ಲಿ ಹೋಯಿತೋ, ಅದರ ಜಾಗದಲ್ಲಿ ಒಳ್ಳೆಯ ಕೋಪ ಬಂದು ಕೂತಿತ್ತು.

"ಅವರಿಗೆ ಕಳಾವರ್‌ಗೂ ಆಟೀನಿಗೂ ವ್ಯತ್ಯಾಸ ಗೊತ್ತಿಲ್ಲ" ಎಂದೆ. "ಎಣಿಸಿದ್ದು ನಾನು. ಅವರನ್ನ ಹೊರಗೆ ಕಳಿಸಿ, ಹೊಸ ಕಟ್ಟು ತರಿಸಿ."

ಸೆಕ್ರೆಟರಿ ಮೊದಲ ಬಾರಿಗೆ ನನ್ನನ್ನು ನೋಡಿದರು. ನಮ್ಮವರನ್ನು ವರಾಂಡಕ್ಕೆ ಕಳಿಸಿದರು. ನಂಜಪ್ಪನವರು ಕಟ್ಟು ಒಡೆದು, ಚೆನ್ನಾಗಿ ಕಲಸಿ, ಒಂದೊಂದೇ ಎಲೆ ಬಿಡುತ್ತಾ ಹೋದರು. ಈ ಸಲ ಎಡಗೈಯನ್ನು ಸೆರಗಿನೊಳಗೆ ಇಡಲಿಲ್ಲ. ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡೆ. ಎಲೆಗಳು ಕೈಯಲ್ಲಿ ಒಂದು ಹಿಡಿಯಷ್ಟು ಉಳಿದಾಗ ನಿಲ್ಲಿಸಿದರು.

ಹೊರಗೆ ನಮ್ಮವರು ಕೆಮ್ಮಿದರು. ಸೆಕ್ರೆಟರಿ ಹುಬ್ಬೇರಿಸಿದರು.

"ಅದು ನೆಗಡಿ" ಎಂದೆ. "ಒಳಗೆ ಉಳಿದಿರೋ ದೊಡ್ಡ ಎಲೆ ಐದು."

ನಂಜಪ್ಪನವರು ಒಂದೊಂದೇ ತಿರುಗಿಸಿದರು. ಮೂರು, ರಾಜ, ಹತ್ತು, ಏಳು, ಗುಲಾಮ, ಎರಡು, ಇನ್ನೊಬ್ಬ ಗುಲಾಮ, ರಾಣಿ. ಇನ್ನೊಮ್ಮೆ ಎಂದರು ಸೆಕ್ರೆಟರಿ. ಇನ್ನೊಮ್ಮೆಯೂ ಸರಿಯಾಯಿತು. ನಂಜಪ್ಪನವರು ನನ್ನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ, ಅದು ಪಂಚಾಕ್ಷರಿ ಅಲ್ವಾ ಅಮ್ಮಾವ್ರೇ ಎಂದು ಕೇಳಿದರು. ಅಲ್ಲ ಎಂದೆ. ಅವರು ಮೀಸೆಯಲ್ಲೇ ನಕ್ಕರು.

ಎಣಿಸುವುದು ಮೋಸವೇ ಎಂದು ನಾನೇ ಕೇಳಿದೆ. ಕಣ್ಣ ಮುಂದೆ ಹೋದದ್ದನ್ನು ನೆನಪಿಟ್ಟುಕೊಳ್ಳಬಾರದು ಎಂದು ನಿಯಮವೇನಾದರೂ ಇದೆಯೇ? ಸೆಕ್ರೆಟರಿ ಬಹಳ ಯೋಚಿಸಿ, ಇಲ್ಲ ಎಂದು ಒಪ್ಪಿಕೊಂಡರು. ಮುಂದಿನ ವರ್ಷದಿಂದ ಪ್ರತಿ ಆಟಕ್ಕೂ ಎಲೆ ಕಲಸಬೇಕು ಎಂದು ನಂಜಪ್ಪನವರಿಗೆ ಅಲ್ಲೇ ಅಪ್ಪಣೆಯಾಯಿತು. (ಇದಕ್ಕಿಂತ ದೊಡ್ಡ ಸನ್ಮಾನ ನನಗೆ ಈವರೆಗೆ ಆಗಿಲ್ಲ.) ಆಮೇಲೆ ಸೆಕ್ರೆಟರಿ ಹೊರಗೆ ಹೋಗಿ ನಮ್ಮವರ ಕೈ ಕುಲುಕಿ ಕ್ಷಮೆ ಕೇಳಿದರು. ನಿಮ್ಮಂಥವರು ಕ್ಲಬ್ಬಿಗೆ ಬೇಕು ಎಂದರು. ಎಣಿಸಿದವಳು ನಾನು, ಬೇಕಾದವರು ಅವರು! ಹೋಗಲಿ ಬಿಡಿ. ಟ್ರಾನ್ಸಿಸ್ಟರ್ ನನ್ನ ಮಡಿಲಲ್ಲಿತ್ತು.

ಊಟದ ಹೊತ್ತಿಗೆ ಮನೆ ಕಡೆ ಹೊರಟೆವು. ನನಗೋ ಟಾಂಗಾದ ಕುದುರೆಗಿಂತ ಜೋರಾಗಿ ಓಡಬೇಕೆನ್ನಿಸುವಷ್ಟು ಹುರುಪು. ಸಯ್ಯಾಜಿರಾವ್ ರಸ್ತೆಯ ಉದ್ದಕ್ಕೂ ರೇಡಿಯೋದ ಕಿವಿ ಹಿಂಡಿಕೊಂಡೇ ಬಂದೆ. ನಮ್ಮವರ ಮುಖದಲ್ಲಿ ಮಾತ್ರ ನಗುವೇ ಇಲ್ಲ. ಮೆಂಬರ್‌ಶಿಪ್ ಸಿಕ್ಕಂತೆಯೇ ಆಗಿತ್ತು, ಖುಷಿಪಡಬಾರದೇ? ಆಗಾಗ ನನ್ನ ಕಡೆ ತಿರುಗಿ, ಪರಿಚಯವಿಲ್ಲದ ಹೆಂಗಸನ್ನು ನೋಡುವ ಹಾಗೆ ನೋಡುತ್ತಿದ್ದರು. ಮನೆ ಹತ್ತಿರವಾದಾಗ ಕೇಳಿದರು.

"ಹಾಗಾದ್ರೆ ಗಿರಿಜಾ, ಇಷ್ಟು ವರ್ಷ ಮನೇಲಿ ನೀನು ಏನೇನು ಎಣಿಸ್ತಾ ಇದ್ದೆ?"

ಉತ್ತರ ಇನ್ನೂ ಕೊಟ್ಟಿಲ್ಲ. ಕೊಡಲೇಬೇಕೆ?