ಬೇವಿನ ಪೊಟರೆಗೆ ಬಡಿದ ಗೂಟ

ನಾನು ಚಿಕ್ಕವಳಿದ್ದಾಗಿನ ಆ ದಿನದ ಕೆಲಸಗಳು ಇವತ್ತಿಗೂ ಸಾಲಾಗಿ ನೆನಪಿವೆ. ಎದ್ದು ಅಂಗಳಕ್ಕೆ ಸೆಗಣಿ ನೀರು ಹಾಕಿದೆ. ಎರಡು ಕೊಡ ನೀರು ತಂದೆ. ಕಂದೀಲಿನ ಗಾಜನ್ನು ಬೂದಿ ಹಚ್ಚಿ ಒರೆಸಿದೆ. ಬಿತ್ತನೆಗೆಂದು ಒಂದು ಬುಟ್ಟಿ ಶೇಂಗಾ ಸುಲಿದೆ. ಆಮೇಲೆ ಅಪ್ಪನ ಜೊತೆ ಚಕ್ಕಡಿ ಏರಿ, ಸುರೇಬಾನದ ದಾರಿಯಲ್ಲಿದ್ದ ನಮ್ಮ ಹೊಲಕ್ಕೆ ಹೋದೆ. ಚಕ್ಕಡಿಯಲ್ಲಿ ಗೊಬ್ಬರದ ಜೊತೆಗೆ ಒಂದು ಜಾಲಿ ಗೂಟ, ಒಂದು ಸುತ್ತಿಗೆ, ಅಪ್ಪನ ಒಗೆದಿಟ್ಟ ಬಿಳಿ ಧೋತರ ಇದ್ದವು. ಯಾಕೆಂದು ಕೇಳಬೇಕಿತ್ತು. ಕೇಳಲಿಲ್ಲ.

ಹೊಲದ ಬದುವಿನ ಮೇಲೆ ಒಂದು ಮುದಿ ಬೇವು. ಅದರ ಒಣಗಿದ ಟೊಂಗೆಯಲ್ಲಿ ಮರಕುಟಿಗದ ಜೋಡಿಯೊಂದು ಪೊಟರೆ ಕೊರೆದಿತ್ತು. ಎರಡಕ್ಕೂ ಬೆನ್ನು ಬಂಗಾರದ ಬಣ್ಣ. ಗಂಡಿಗೆ ನೆತ್ತಿಯೆಲ್ಲ ಕೆಂಪು. ಹೆಣ್ಣಿನ ಜುಟ್ಟು ಕೆಂಪಾದರೂ ಹಣೆ ಕಪ್ಪು, ಅದರ ಮೇಲೆ ಬಿಳಿ ಎಳ್ಳು ಚೆಲ್ಲಿದಂತೆ ಚುಕ್ಕಿಗಳು. ಕಾಲಿನ ಎರಡು ಬೆರಳು ಮುಂದೆ, ಎರಡು ಹಿಂದೆ. ಗಡುಸಾದ ಬಾಲವನ್ನು ಮರಕ್ಕೆ ಊರಿ, ಮುದುಕರು ಕೋಲೂರಿ ನಿಂತಂತೆ ನಿಲ್ಲುತ್ತಿದ್ದವು. ತೊಗಟೆಯ ಸಂದಿಗೆ ಉದ್ದನೆಯ ಅಂಟು ನಾಲಿಗೆ ಚಾಚಿ ಇರುವೆ ಎಳೆಯುತ್ತಿದ್ದವು; ಹೊಟ್ಟೆ ತುಂಬ ತಂದು ಮರಿಗಳ ಬಾಯಿಗೆ ಕಕ್ಕುತ್ತಿದ್ದವು. ಆ ವಾರ ಮೂರು ಪುಟ್ಟ ಕೊಕ್ಕುಗಳು ಪೊಟರೆಯ ಬಾಯಿಗೆ ಬರತೊಡಗಿದ್ದವು. ಇದನ್ನೆಲ್ಲ ನೋಡಿದವಳು ನಾನು. ಹೆಮ್ಮೆಯಿಂದ ಅಪ್ಪನಿಗೆ ತೋರಿಸಿದವಳೂ ನಾನೇ.

ಅಕ್ಕ ಹಿಂದಿನ ವರ್ಷ ಬಣವೆಯಿಂದ ಬಿದ್ದು ಬಲಗೈ ಮುರಿದುಕೊಂಡಿದ್ದಳು. ಬಿದಿರು ದಬ್ಬೆ ಇಟ್ಟು ಕಟ್ಟಿದ್ದರು. ಎಲುಬು ಕೂಡಿತು, ಆದರೆ ಮೊಣಕೈ ಅರ್ಧ ಮಡಚಿದಲ್ಲೇ ನಿಂತುಬಿಟ್ಟಿತು. ಅತ್ತ ಚಾಚಲೂ ಬಾರದು, ಇತ್ತ ಮಡಚಲೂ ಬಾರದು. ಯಾರೋ ಅಪ್ಪನ ತಲೆಯಲ್ಲಿ ಒಂದು ಮಾತು ತುಂಬಿದ್ದರು: ಮರಕುಟಿಗದ ಪೊಟರೆಯನ್ನು ಗೂಟ ಬಡಿದು ಮುಚ್ಚಿದರೆ, ಬಿಗಿದದ್ದನ್ನು ಸಡಿಲಿಸುವ ಒಂದು ಗಿಡದ ಬೇರನ್ನು ಅದು ಅಡವಿಯಿಂದ ತರುತ್ತದೆ, ಗೂಟಕ್ಕೆ ಮುಟ್ಟಿಸಿ ಕೆಳಗೆ ಬಿಡುತ್ತದೆ, ಆ ಬೇರು ತೇಯ್ದು ಹಚ್ಚಿದರೆ ಸೆಟೆದ ಕೀಲು ಸಡಿಲಾಗುತ್ತದೆ.

ಅಪ್ಪ ಚಕ್ಕಡಿಯನ್ನು ಮರದ ಕೆಳಗೆ ನಿಲ್ಲಿಸಿ, ಅದರ ಮೇಲೆ ನಿಂತು ಗೂಟ ಬಡಿಯತೊಡಗಿದ.

“ಯಪ್ಪಾ, ಒಳಗ ಮರಿ ಅದಾವ!” ಎಂದು ನಾನು ಕಿರುಚಿದೆ.

“ಅದಾವಂತನ ಬಡಿಯಾಕ ಹತ್ತೇನಿ. ಮರಿ ಇಲ್ಲಂದ್ರ ಅದ್ಯಾಕ ಬೇರು ತರತೈತಿ?”

ಧೋತರವನ್ನು ಮರದ ಕೆಳಗೆ ಹಾಸಿ, ನನ್ನನ್ನು ಕಾವಲಿಗೆ ಕೂರಿಸಿದ. “ಬೇರು ಬಿದ್ದ ಕೂಡಲೇ ಕೂಗು. ಧೋತರದ ಮ್ಯಾಲ ಕಾಲಿಡಬ್ಯಾಡ” ಎಂದು ಹೇಳಿ ಗೊಬ್ಬರ ಚೆಲ್ಲಲು ಹೊಲದ ಆಚೆ ತುದಿಗೆ ಚಕ್ಕಡಿ ಹೊಡೆದ.

ಹೆಣ್ಣು ಹಕ್ಕಿ ಬಂತು. ಗೂಟ ನೋಡಿ ಚೀರಿತು. ಗಂಡೂ ಬಂತು. ಎರಡೂ ಸರದಿಯ ಮೇಲೆ ಗೂಟದ ಸುತ್ತ ಕುಟ್ಟಿದವು. ಬೇರು ತರಲು ಯಾವುದೂ ಎಲ್ಲಿಗೂ ಹೋಗಲಿಲ್ಲ. ಬಿಳಿ ಧೋತರದ ಮೇಲೆ ಬಿದ್ದದ್ದು ಬರೀ ಚಕ್ಕೆ, ಉಗುರಿನಷ್ಟುದ್ದದ ಒಣ ಚಕ್ಕೆ. ಮೂರು ಸಲ ಅಪ್ಪನನ್ನು ಕೂಗಿದೆ. ಮೂರು ಸಲವೂ ದೂರದಿಂದ ಕೈ ಬೀಸಿದ, ತಡೆ ಎಂದು. ಬಿಸಿಲೇರಿದಂತೆ ಒಳಗಿನ ಮರಿಗಳ ಬುಸುಬುಸು ಸದ್ದು ಸಣ್ಣದಾಗುತ್ತ ಹೋಯಿತು. ಸಿಟ್ಟಿಗೆ ನಾನು ಧೋತರದ ಮೇಲೆ ಕಾಲಿಟ್ಟು ತುಳಿದೆ. ಅದರಿಂದ ಏನಾಗುತ್ತದೆ?

ಮಧ್ಯಾಹ್ನ ಅಕ್ಕ ಬುತ್ತಿ ಹೊತ್ತು, ಸೊಂಟಕ್ಕೆ ಕುಡಗೋಲು ಸಿಕ್ಕಿಸಿಕೊಂಡು ಬಂದಳು. ನಾನು ಅಳುತ್ತಲೇ ಎಲ್ಲ ಹೇಳಿದೆ. ಅವಳ ಮುಖ ಕೆಂಪಾಯಿತು.

“ನನ್ನ ಕೈ ಸಲವಾಗಿ? ನನ್ನೊಂದ್ ಮಾತು ಕೇಳಿದ್ರೇನು? ಬಾ ಇಲ್ಲೆ, ಕುಡಗೋಲು ತೊಗೊ. ನನ್ನ ಕೈಮ್ಯಾಲ ಕಾಲಿಡು.”

“ನೋಯ್ತೈತಿ ಅಕ್ಕಾ.”

“ಸೆಟದ ಕೈ ಅದು, ಬಾಗಂಗಿಲ್ಲ. ವರ್ಷಾತು, ಕುಂತು ತಿನ್ನಾಕ ಹತ್ತೈತಿ. ಇವತ್ತರ ದುಡೀಲಿ. ಏರಂದ್ರ ಏರು!”

ಬೆನ್ನನ್ನು ಮರಕ್ಕೆ ಒತ್ತಿ ನಿಂತಳು. ಮಡಚಿದ ಮೊಣಕೈ ಮೇಲೆ ಕಾಲಿಟ್ಟೆ. ಕಲ್ಲಿನ ಮೆಟ್ಟಿಲಿನಂತೆ ಅದು ಒಂದಿಷ್ಟೂ ಜಗ್ಗಲಿಲ್ಲ. ಅಲ್ಲಿಂದ ಅವಳ ಹೆಗಲು, ಹೆಗಲಿನಿಂದ ಕವಲು. ಹಕ್ಕಿಗಳು ಗೂಟದ ಒಂದು ಮಗ್ಗುಲನ್ನು ಆಗಲೇ ಅರ್ಧ ಕೊರೆದಿದ್ದವು. ಕುಡಗೋಲಿನ ಹಿಡಿಯಿಂದ ನಾಲ್ಕೇಟು ಹಾಕಿದ್ದಕ್ಕೆ ಗೂಟ ಉದುರಿತು. ಒಳಗಿನಿಂದ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ನಾನು ಇಳಿದ ಮೇಲೆ, ಬಹಳ ಹೊತ್ತಿಗೆ, ಒಂದು ಕೊಕ್ಕು ಕಂಡಿತು. ಆಮೇಲೆ ಇನ್ನೊಂದು. ಮೂರನೆಯದು ಬರಲಿಲ್ಲ. ಮರುದಿನವೂ ಬರಲಿಲ್ಲ.

ಗೂಟ ಬಿದ್ದದ್ದು ಕಂಡ ಕೂಡಲೇ ಅಪ್ಪ ಓಡಿ ಬಂದಿದ್ದ. “ಇನ್ನೊಂದ್ ತಾಸು ತಡದಿದ್ರ ಬೇರು ತರತಿತ್ತು! ಹಾಳ ಮಾಡಿದ್ರಿ!”

ಅಕ್ಕ ತಿರುಗಿ ನಿಂತಳು. “ನಮ್ಮ ಬಾಗಲಕ್ಕ ಯಾರರ ಗೂಟ ಬಡದು, ಕೂಸುಗಳ್ನ ಒಳಗ ಹಾಕಿ, ಔಷಧ ತಾ ಅಂದ್ರ ತರತಿದ್ದೇನಪಾ ನೀ? ಕೊಡ್ಲಿ ತೊಗೊಂಡು ಹೊಡಿಯಾಕ ಹೋಗತಿದ್ದಿ!”

ಅಪ್ಪ ಮರದ ಬುಡಕ್ಕೆ ನಡೆದ. ಕೂತು, ಧೋತರದ ಚಕ್ಕೆಗಳನ್ನೇ ಗಂಟು ಕಟ್ಟಿಕೊಂಡ. ಅದರಲ್ಲೂ ಏನಾದರೂ ಗುಣ ಇದ್ದೀತು ಎಂಬ ಆಸೆ. ಅಪ್ಪ ಕೆಟ್ಟವನಲ್ಲ, ನನಗೆ ಗೊತ್ತು. ಆದರೂ ಆ ಸಿಟ್ಟು ನನಗಿನ್ನೂ ಹೋಗಿಲ್ಲ. ಪೊಟರೆ ತೋರಿಸಿದ ನನ್ನ ಮೇಲಿನ ಸಿಟ್ಟೂ ಹೋಗಿಲ್ಲ.

ಮೊನ್ನೆ ನಮ್ಮ ಓಣಿಯ ಬೇವಿನ ಒಣ ಟೊಂಗೆ ಕಡಿಯಲು ಬಂದವರೊಡನೆ ನಾನು ಬೀದಿಯಲ್ಲಿ ನಿಂತು ಜಗಳವಾಡಿದೆನಲ್ಲ, ಆಗ ನನ್ನ ಮೊಮ್ಮಕ್ಕಳು ನೀವಿಬ್ಬರೂ ನಾಚಿಕೊಂಡು ಒಳಗೆ ಓಡಿದಿರಿ. “ಆಯಿ, ಒಣಾ ಕಟ್ಟಿಗಿಗೆ ಇಷ್ಟ್ಯಾಕ ಸಿಟ್ಟು?” ಎಂದು ಕೇಳಿದಿರಿ. ಅದಕ್ಕೇ ಇಷ್ಟೆಲ್ಲ ಹೇಳಿದ್ದು. ಹೋದ ವರ್ಷ ಸೈಕಲ್ಲಿನಿಂದ ಬಿದ್ದು ನಿಮ್ಮಲ್ಲೊಬ್ಬನ ಕೈ ಮುರಿದಾಗ ರಾಮದುರ್ಗದ ದವಾಖಾನೆಯಲ್ಲಿ ಎಲುಬಿನ ಫೋಟೊ ತೆಗೆದು, ಪಟ್ಟಿ ಹಾಕಿ, ನೆಟ್ಟಗೆ ಮಾಡಿ ಕಳಿಸಿದರು. ಈಗ ಅವನು ಅದೇ ಕೈಯಿಂದ ಚೆಂಡು ಎಸೆಯುತ್ತಾನೆ. ನನಗೆ ಸಂತೋಷ. ಆದರೆ ಹಕ್ಕಿಗೆ ಇವತ್ತಿಗೂ ಆ ಒಣ ಟೊಂಗೆಯೇ ಬೇಕು. ಈಗ ಗೂಟ ಬಡಿಯುವವರಿಲ್ಲ. ಗರಗಸ ತಂದು ಮನೆಯನ್ನೇ ಇಳಿಸಿಕೊಂಡು ಹೋಗುತ್ತಾರೆ, ಒಳಗೆ ಯಾರಿದ್ದಾರೆಂದು ನೋಡುವುದೂ ಇಲ್ಲ.

ಆ ಸಂಜೆ ಅಕ್ಕ ಅಪ್ಪನ ಗಂಟು ಬಿಚ್ಚಿ, ಚಕ್ಕೆಗಳನ್ನೆಲ್ಲ ಒಲೆಗೆ ಸುರಿದಳು. ಅವಳು ಎಡಗೈಯಿಂದ ಬಡಿದ ಜೋಳದ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅದರ ಜೊತೆ ಪುಂಡಿಪಲ್ಲೆ, ಶೇಂಗಾ ಚಟ್ನಿ. ಅಪ್ಪ ಒಂದೇ ರೊಟ್ಟಿ ತಿಂದು ಕೈ ತೊಳೆದ. ಮೊದಲು ನಿದ್ದೆ ಹೋದವಳು ಅಕ್ಕ. ಅವಳ ಸೆಟೆದ ಕೈ ಹೊದಿಕೆಯ ಹೊರಗಿತ್ತು. ಮೊಣಕೈ ಮೇಲೆ ನನ್ನ ಹಿಮ್ಮಡದ ಗುರುತು ಕೆಂಪಗೆ ಮೂಡಿತ್ತು.