ಕಂಬಳಿ ಮೇಲೆ ಅಳೆದ ಬಂದೂಕು

ಬಂದೂಕು ರಿಪೇರಿ ಮಾಡುವವನು ಧೈರ್ಯವಂತನೇ ಇರಬೇಕು ಅಂತ ಬಾಗಲಕೋಟೆಯ ಜನ ತಿಳಿದಿದ್ದಾರೆ. ಅವರದೇನೂ ತಪ್ಪಿಲ್ಲ. ಅಪ್ಪನ ಅಂಗಡಿ, ಅಪ್ಪನ ಲೈಸೆನ್ಸು, ಅಪ್ಪನ ಅರಗಳು ನನಗೆ ಬಂದವು. ಅವನ ಎದೆಗಾರಿಕೆ ಮಾತ್ರ ದಾರಿಯಲ್ಲೆಲ್ಲೋ ಇಳಿದುಹೋಯಿತು. ಕುಕ್ಕರ್ ಸೀಟಿ ಹೊಡೆದರೂ ನಾನು ಬೆಚ್ಚುತ್ತೇನೆ. ಅಂಗಡಿಗೆ ಬೀಗ ಹಾಕಿ, ಮೂಲೆಯವರೆಗೆ ಹೋಗಿ, ಮತ್ತೆ ತಿರುಗಿ ಬಂದು ಬೀಗ ಜಗ್ಗಿ ನೋಡುತ್ತೇನೆ. ಎದುರಿನ ಚಹಾದಂಗಡಿಯವನು ನನ್ನನ್ನು ನೋಡಿಯೇ ಟೈಮು ಹೇಳುತ್ತಾನೆ.

ಬರುವ ಕೆಲಸವಾದರೂ ಏನು? ಹೊಲಕ್ಕೆ ಹಂದಿ ಬರದಂತೆ ರೈತರು ಇಟ್ಟುಕೊಂಡ ಬಂದೂಕುಗಳ ಜಂಗು, ಸಡಿಲಾದ ಸ್ಪ್ರಿಂಗು. ಹಾಗಾಗಿ ಹೋದ ಚಳಿಗಾಲದಲ್ಲಿ ರಾಮಥಾಳದ ಕಡೆಯ ಹಿರಿಯರೊಬ್ಬರು ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಧೋತರದ ಗಂಟು ಹಿಡಿದು ಬಂದಾಗ ಇದೂ ಅಂಥದ್ದೇ ಅಂದುಕೊಂಡೆ. ಗಂಟು ಬಿಚ್ಚಿದರೆ ಇಂಗ್ಲಿಷ್ ಬೇಟೆ ಬಂದೂಕು! ಒಂದು ಸಲಕ್ಕೆ ಒಂದೇ ತೋಟಾ ತಿನ್ನುವಂಥದ್ದು. ಕೆಳಗಿನ ಲೀವರ್ ಎಳೆದರೆ ಉಕ್ಕಿನ ಗಟ್ಟಿಯೊಂದು ಸದ್ದಿಲ್ಲದೆ ಕೆಳಗೆ ಜಾರಿ ಬಾಯಿ ತೆರೆಯುತ್ತದೆ. ಲೋಹದ ಮೇಲೆ ಕೊರೆದ ಕೂದಲೆಳೆಯಂಥ ಬಳ್ಳಿ, ಎಲೆ. ಆದರೆ ಕುಂದಾ ಮುರಿದು, ಸೈಕಲ್ ಟ್ಯೂಬು ಸುತ್ತಿಕೊಂಡಿತ್ತು. ಕುಂದಾ ಅಂದರೆ ಬೆಳಗಾವಿಯವರು ಡಬ್ಬಿಯಲ್ಲಿ ಕೊಡುವ ಸಿಹಿಯಲ್ಲ. ಹೆಗಲಿಗೆ ಆನಿಸುವ ಮರದ ಭಾಗಕ್ಕೆ ನಮ್ಮ ಧಂದೆಯಲ್ಲಿ ಹಾಗನ್ನುತ್ತೇವೆ.

"ಮಾನೌಮಿ ಪೂಜಿಗೆ ಅಂತ ಅಟ್ಟದ ಮ್ಯಾಲಿಂದ ಇಳಸೂವಾಗ ಕೈ ಜಾರಿತರಿ, ಸಾವ್ಕಾರ್ರ," ಅಂದರು. "ನಮ್ಮ ಮುತ್ಯಾಂದಿದು, ಅಪ್ಪನ ಅಪ್ಪಂದು. ತೋಟಾ ಸಿಗೂದಿಲ್ಲ ಅಂತ ಗೊತ್ತೈತಿ. ಹೊಡಿಯೂದೂ ಬ್ಯಾಡ. ಆದ್ರ ಹೆಗಲಿಗೆ ಹಚ್ಚಿದ್ರ ಮುತ್ಯಾ ಹಚ್ಚಿದಂಗ ಕೂಡಬೇಕ. ಸಣ್ಣಾಂವ ಇದ್ದಾಗ ನೋಡೇನಿ, ಮೈಯಾಗಿಂದ ಹುಟ್ಟಿದಂಗ ಇರತಿತ್ತ. ನೀವು ಆಗೂದಿಲ್ಲ ಅಂದ್ರ ಹಂಗ ಕಟ್ಟಿ ಒಯ್ತೇನಿ."

ಆಗುವುದಿಲ್ಲ ಅನ್ನಲು ಬಾಯಿ ತೆರೆದೆ. "ಆಗತೈತ್ರಿ," ಅಂತ ಬಂತು.

ಕೋಲೊಂದನ್ನು ಅವರ ಹೆಗಲಿಗೆ ಆನಿಸಿ, ತೋರುಬೆರಳು ಬೀಳುವ ಜಾಗಕ್ಕೆ ಗೀರು ಹಾಕಿ ಅಳತೆ ತೆಗೆದುಕೊಂಡೆ. ಕುಂದಾ ಅಂಗಿಯಿದ್ದ ಹಾಗೆ, ಒಬ್ಬರಿಗೆ ಹೊಲಿದದ್ದು ಇನ್ನೊಬ್ಬರಿಗೆ ಆಗುವುದಿಲ್ಲ. ಮೂಲದ್ದು ಅಕ್ರೋಟ್ ಮರ. ಅದನ್ನು ನಾನು ಎಲ್ಲಿಂದ ತರಲಿ? ಕೊನೆಗೆ ಇಳಕಲ್ಲಿನಲ್ಲಿ ಕೈಮಗ್ಗ ಕಿತ್ತು ಪವರ್‌ಲೂಮ್ ಹಾಕುತ್ತಿದ್ದ ಮನೆಯಲ್ಲಿ ಬೀಟೆ ಮರದ ದಪ್ಪ ತೊಲೆ ಸಿಕ್ಕಿತು. ತಲೆಮಾರುಗಟ್ಟಲೆ ಒಣಗಿ, ಇನ್ನು ಡೊಂಕಾಗುವ ಹಟವನ್ನೆಲ್ಲ ಬಿಟ್ಟ ಮರ. ಅಂಥದ್ದು ಇದ್ದದ್ದು ಒಂದೇ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡೇ ಬಂದೆ.

ಮರಕ್ಕೆ ಲೋಹ ಕೂರಿಸುವುದೇ ನಿಜವಾದ ಕೆಲಸ. ದೀಪದ ಮಸಿಯನ್ನು ಲೋಹಕ್ಕೆ ಸವರಿ, ಮರದೊಳಗೆ ಒತ್ತಿ ತೆಗೆಯಬೇಕು. ಎಲ್ಲಿ ಕಪ್ಪು ಹತ್ತಿತೋ ಅಲ್ಲಿ ಮಾತ್ರ ಒಂದಿಷ್ಟು ಕೆರೆಯಬೇಕು. ಮತ್ತೆ ಸವರಿ, ಮತ್ತೆ ಒತ್ತಿ, ಮತ್ತೆ ಕೆರೆದು. ಎಲ್ಲ ಕಡೆ ಸಮನಾಗಿ ಕಪ್ಪು ಹತ್ತಿದ ದಿನ ಮರ ಲೋಹವನ್ನು ಒಪ್ಪಿಕೊಂಡಿತು ಅಂತ ಅರ್ಥ. ಚಿಂತೆ ಮಾಡುವ ಸ್ವಭಾವಕ್ಕೆ ದೇವರೇ ಹೇಳಿಮಾಡಿಸಿದ ಕೆಲಸ ಇದು. ಹೆಚ್ಚು ಕೆರೆದೆನೇನೋ ಅಂತ ಪ್ರತಿ ಸಲ ಹೆದರಿದ್ದರಿಂದಲೇ ಎಲ್ಲೂ ಹೆಚ್ಚು ಕೆರೆಯಲಿಲ್ಲ. ಅಂಗೈಯಿಂದ ಅಗಸಿ ಎಣ್ಣೆ ತಿಕ್ಕುತ್ತ ಹೋದಂತೆ ಬೀಟೆಯೊಳಗಿನ ಕೆಂಪು ಗೆರೆಗಳು ಒಂದೊಂದಾಗಿ ಎದ್ದುಬಂದವು. ಆ ದಿನಗಳಲ್ಲಿ ನಾನು ಬೀಗ ಜಗ್ಗುವುದನ್ನೂ ಮರೆಯುತ್ತಿದ್ದೆ. ಕಡೆಗೆ, ಉಸಿರು ಹಿಡಿದು, ಗೀರಿನ ಪ್ರಕಾರ ಹಿಂದಿನ ತುದಿಯನ್ನು ಗರಗಸದಿಂದ ಕೊಯ್ದೆ.

ಮಧ್ಯಾಹ್ನ ಬುತ್ತಿ ತಂದ ಹೆಂಡತಿಗೆ ಹೆಮ್ಮೆಯಿಂದ ತೋರಿಸಿದೆ. ಅವಳು ಬಾದಾಮಿಯ ಟೇಲರ್ ಮನೆತನದವಳು. ಸುತ್ತ ತಿರುಗಿಸಿ ನೋಡಿ, "ಛಲೋ ಆಗೇತಿ," ಅಂದಳು. ಆಮೇಲೆ, "ಅಳತಿ ತಗೋವಾಗ ಆ ಯಜಮಾನ್ರ ಹೆಗಲಮ್ಯಾಲಿನ ಕಂಬಳಿ ತಗಿಸಿದ್ರೇನು?"

ತುತ್ತನ್ನು ಮತ್ತೆ ತಟ್ಟೆಗಿಟ್ಟು, ಅಳತೆಯ ಕೋಲು ಎತ್ತಿಕೊಂಡೆ. ಕುರಿ ಕಾಯುವವರ ದೇವರು ಬೀರಪ್ಪನ ಒಕ್ಕಲಿನ ಹಿರಿಯರು. ನಾಲ್ಕು ಮಡಿಕೆಯ ಕಂಬಳಿ ಅವರ ಹೆಗಲಿನ ಭಾಗವೇ ಅನ್ನುವಂತೆ ಇತ್ತು. ನಾನು ಕೋಲನ್ನು ಹೆಗಲಿಗಲ್ಲ, ಕಂಬಳಿಗೆ ಆನಿಸಿ ಅಳೆದಿದ್ದೆ. ಕಂಬಳಿ ಎಷ್ಟು ದಪ್ಪವೋ ಕುಂದಾ ಅಷ್ಟು ಗಿಡ್ಡ. ಕೊಯ್ದ ಮರ ಮತ್ತೆ ಬೆಳೆಯುವುದಿಲ್ಲ, ಇನ್ನೊಂದು ತೊಲೆಯೂ ಇಲ್ಲ.

"ಇರಲಿ ಬಿಡ್ರಿ, ಕಂಬಳಿ ಹೊತಗೊಂಡ ಹಿಡೀಲಿ," ಅಂದಳು, ಚಟ್ನಿ ಬಡಿಸುತ್ತ.

ಹಿರಿಯರು ಬಂದೂಕು ಒಯ್ಯಲು ಬಂದ ದಿನ ನಾನೂ ಹಾಗೇ ಅಂದುಕೊಂಡಿದ್ದೆ. ಕಂಬಳಿಯ ಮೇಲೆ ಬಂದೂಕು ಚೆಂದವಾಗಿಯೇ ಕೂತಿತು. ಆದರೆ ಅವರು ‘ಮುತ್ಯಾ ಹಚ್ಚಿದಂಗ’ ಅಂದದ್ದು ನೆನಪಾಗಿ ಬಾಯಿ ಸುಮ್ಮನಿರಲಿಲ್ಲ. "ಕಂಬಳಿ ತಗದ ಒಮ್ಮೆ ನೋಡ್ರಿ, ಯಜಮಾನ್ರ."

ಅವರು ಕಂಬಳಿಯನ್ನು ನೆಲಕ್ಕಿಡದೆ ಕುರ್ಚಿಯ ಮೇಲೆ ಇಟ್ಟು, ಬಂದೂಕು ಎತ್ತಿದರು. ಕುತ್ತಿಗೆ ಆಮೆಯಂತೆ ಒಳಗೆ ಹೋಯಿತು. ಇಳಿಸಿ, ಮತ್ತೆ ಎತ್ತಿದರು. "ಗಿಡ್ಡ ಆಗೇತಲ್ರಿ," ಅಂದರು, ಮೆಲ್ಲಗೆ. ಬೈದಿದ್ದರೆ ವಾಸಿಯಿತ್ತು.

"ಹಿಂದ ದಪ್ಪನ್ನ ಕೊಂಬಿನ ಬಿಲ್ಲಿ ಕೂಡಿಸಿ ಉದ್ದ ಮಾಡಬಹುದ್ರಿ," ಅಂದೆ ಗಡಿಬಿಡಿಯಲ್ಲಿ. "ಇಂಗ್ಲಿಷರೂ ಕೊಂಬು ಹಾಕತಿದ್ರು. ಎಮ್ಮೀದು ಎಲ್ಲೆರ ಸಿಗತೈತೇನ..."

"ಎಮ್ಮೀದ್ಯಾಕ್ರೀ? ನಮ್ಮ ಟಗರಿನ ಕೋಡ ಅದಾವಲ್ಲ!" ಅವರ ಮುಖ ಒಮ್ಮೆಲೇ ಬೆಳಗಿತು. "ಕಾಳಗದಾಗ ಸೋತಿದ್ದಿಲ್ಲರಿ. ಸತ್ತ ಮ್ಯಾಲೂ ಬಿಸಾಕಾಕ ಮನಸ ಬರಲಿಲ್ಲ."

ಕೋಡುಗಳು ಬಂದವು. ಕುದಿಸಿ ಮೆತ್ತಗೆ ಮಾಡಿ, ಕಬ್ಬಿಣದ ಪಟ್ಟಿಗಳ ನಡುವೆ ಒತ್ತಿ, ಪದರ ಕೂಡಿಸಿ ಕುಂದಾದ ಹಿಂದೆ ಕೂರಿಸಿದೆ. ನಾತಕ್ಕೆ ಚಹಾದಂಗಡಿಯವನು ಗಿರಾಕಿಗಳನ್ನು ಆಚೆ ಬದಿಗೆ ಕೂರಿಸಿದ. ಆದರೆ ತಿಕ್ಕಿದ ಮೇಲೆ ಆ ಕೋಡು ಕಾಕಂಬಿಯ ಬಣ್ಣಕ್ಕೆ ಬಂದು, ಬೀಟೆಯ ಪಕ್ಕದಲ್ಲಿ ಹುಟ್ಟಿದಾಗಿನಿಂದ ಇದ್ದಂತೆ ಕೂತಿತು.

ಹಿರಿಯರು ಬರಿ ಅಂಗಿಯ ಹೆಗಲಿಗೆ ಹಚ್ಚಿದರು. ಕುತ್ತಿಗೆ ನೆಟ್ಟಗೆ, ಗಲ್ಲ ಮರಕ್ಕೆ, ಬೆರಳು ತನ್ನ ಜಾಗಕ್ಕೆ. ಕಣ್ಣು ಮುಚ್ಚಿದರು.

"ಈಗ ಬಂತ ನೋಡ್ರಿ ಮುತ್ಯಾನ ಕೈ," ಅಂದರು. ಬಂದೂಕು ಇಳಿಸಿ, ಕೋಡಿನ ಮೇಲೆ ಕೈಯಾಡಿಸಿ, ನನ್ನ ಕಡೆ ತಿರುಗಿದರು. "ಆದ್ರ ಇದರ ಹಿಂದ ನಿಂದರಬ್ಯಾಡ್ರಿ, ಸಾವ್ಕಾರ್ರ. ಈ ಟಗರ ಜೀವಂತ ಇದ್ದಾಗ ಯಾರನ್ನೂ ಹಾಯದ ಬಿಟ್ಟಿಲ್ಲ."

ತೋಟಾ ಇಲ್ಲದ ಬಂದೂಕು. ಆದರೂ ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದೆ.